ಹೆಕ್ಟೇರಿಗೆ ಹತ್ತು

ಯೆಲ್ಲಿವಾರೆಯಿಂದ ಉತ್ತರಕ್ಕೆ ನಲವತ್ತು ಕಿಲೋಮೀಟರ್.
ಸೊನ್ನೆಗಿಂತ ಇಪ್ಪತ್ತೊಂದು ಕೆಳಗೆ.
ಪೆನ್ನಿನ ಮಸಿ ಹೆಪ್ಪುಗಟ್ಟುತ್ತದೆಂದು
ಪೆನ್ಸಿಲು ತಂದಿದ್ದೇನೆ.
ಅಂಗೈ ಹುಣ್ಣಿಗೂ ಕನ್ನಡಿ ಕೇಳುವ ಕೆಲಸ ನನ್ನದು:
ಕಾಡು ಹೇಗಿದೆ ಎಂದು ಕಾಡನ್ನೇ ಕೇಳುವಂತಿಲ್ಲ,
ಪುರಾವೆ ಬೇಕು, ತಾರೀಖು ಬೇಕು,
ಕೊನೆಗೊಂದು ಸಹಿ.

ಕಂಪನಿಯ ಉಲ್ರಿಕ್ ಮುಂದೆ, ಅವನ ಹಿಂದೆ ನಾನು,
ನನ್ನ ಹಿಂದೆ ಹಿಮಸಾರಂಗದ ಒಡತಿ ರಿಸ್ತೆನ್.
ಹಿಮದಲ್ಲಿ ಮೂವರದೂ ಒಂದೇ ಜಾಡು.
ಬೋಳು ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಪೈನ್ ಮರ,
ಮದುವೆ ಮುಗಿದ ಮೇಲೂ ಹೊರಡದ ನೆಂಟರ ಹಾಗೆ.
ಇವಕ್ಕೆ ನಾವಿಟ್ಟ ಹೆಸರು ಚಿರಂತನ ಮರಗಳು.
ಹೆಕ್ಟೇರಿಗೆ ಹತ್ತು ಚಿರಂತನ.
ನಿಯಮದಲ್ಲಿದೆ.

ಎಣಿಸಿದೆ. ಏಳು.
"ಮೂರು ನವೆಂಬರಿನ ಗಾಳಿಗೆ ಬಿದ್ದವು," ಎಂದ ಉಲ್ರಿಕ್,
"ಬಿದ್ದದ್ದೂ ಲೆಕ್ಕಕ್ಕೆ ಬರುತ್ತೆ, ಒಣಮರ ಅಂದರೆ ಜೀರುಂಡೆಯ ಮನೆ."
ಸರಿಯೇ. ಅದೂ ನಿಯಮದಲ್ಲಿದೆ.
ನಿಂತರೂ ಅಂಕ, ಬಿದ್ದರೂ ಅಂಕ.
ಶಾಲೆಯಲ್ಲಿ ನನಗಿಂಥ ಮೇಷ್ಟ್ರು ಸಿಗಲಿಲ್ಲ.

"ಈ ಮುದ್ರೆ ಇಲ್ಲದ ಕಾಲದಲ್ಲಿ," ಉಲ್ರಿಕ್ ಕೈಗವಸು ಉಜ್ಜುತ್ತ ಹೇಳಿದ,
"ನಮ್ಮಪ್ಪ ಒಂದನ್ನೂ ಬಿಡುತ್ತಿರಲಿಲ್ಲ."
"ಅದು ನಿಜ," ಎಂದಳು ರಿಸ್ತೆನ್.
ಅವಳು ಒಪ್ಪಿಕೊಂಡ ಪರಿಗೆ
ಅವನು ತುಸು ತಬ್ಬಿಬ್ಬಾದ.

ಬಯಲು ದಾಟಿದರೆ ಮುಂದಿನ ಚಳಿಗಾಲಕ್ಕೆ ಗುರುತಾದ ಕಾಡು.
ಸ್ಪ್ರೂಸ್ ಕೊಂಬೆಗಳಿಂದ ಕಪ್ಪಗೆ ಇಳಿಬಿದ್ದ
ಕಲ್ಲಿಲ್ಲದ ಕಲ್ಲುಹೂವು. ಅವಳ ಮಾತಿನಲ್ಲಿ ಲಾಹ್ಪು.
ಕೊರೆಗೋಲು ತಿರುಗಿಸಿ ಬಳಪದ ದಪ್ಪದ ತಿರುಳು ಎಳೆದೆ,
ಭೂತಗನ್ನಡಿ ಹಿಡಿದು ಉಂಗುರ ಎಣಿಸಿದೆ:
ಇನ್ನೂರ ಮೂವತ್ತೆಂಟು. ನಡುವೆ ಕೆಲವು
ಕೂದಲಿಗಿಂತ ಸಣ್ಣ, ಯಾರೋ ಉಸಿರು ಬಿಗಿಹಿಡಿದ ವರ್ಷಗಳು.
ಬರೆದುಕೊಂಡು ಮುಗಿಯಿತು ಎನ್ನುವಾಗ
ರಿಸ್ತೆನ್ ತಿರುಳನ್ನು ನನ್ನ ಕೈಯಿಂದ ತೆಗೆದುಕೊಂಡು
ಅದೇ ತೂತಿಗೆ ತುರುಕಿ, ಹೆಬ್ಬೆರಳಿನಿಂದ ಒತ್ತಿದಳು.
"ಅದರದ್ದು ಅದಕ್ಕೇ ಇರಲಿ."

ಕಲಂ ಮೂರು. ಸ್ಥಳೀಯರೊಂದಿಗೆ ಸಮಾಲೋಚನೆ ನಡೆದಿದೆಯೇ?
ಹೌದು. ಇಲ್ಲ.
"ನಡೆಯಿತಪ್ಪ. ಕೂತೆವು. ಕಾಫಿ ಕೊಟ್ಟರು.
ದಾಲ್ಚಿನ್ನಿ ಬನ್ನು ಕೂಡ. ಚೆನ್ನಾಗಿತ್ತು.
ಆಮೇಲೆ ನಕ್ಷೆ ಬಿಚ್ಚಿದರು.
ನಕ್ಷೆಯ ಮೇಲೆ ಗೆರೆ ಆಗಲೇ ಇತ್ತು."
ಹೌದು ಎಂಬುದರ ಮುಂದೆ ಪೆನ್ಸಿಲು ಹಿಡಿದು ನಿಂತೆ.
ಬನ್ನಿಗೆ ಕಲಂ ಇಲ್ಲ. ಗೆರೆಗೂ ಇಲ್ಲ.

"ಜನವರಿಯಲ್ಲಿ ಈಗ ಮಳೆ ಬರುತ್ತೆ," ಅವಳೇ ಮುಂದುವರಿಸಿದಳು,
"ಹಿಮದಡಿ ಮಂಜಿನ ತಟ್ಟೆ ಕಟ್ಟುತ್ತೆ, ಚುಓಹ್ಕಿ.
ಗೊರಸು ಕೆರೆದು ಕೆರೆದು ರಕ್ತ ಬರುತ್ತೆ, ಮೇವು ಸಿಗಲ್ಲ.
ಆಗ ಅವು ತಲೆ ಎತ್ತಿ ನೋಡುತ್ತವೆ.
ಇಲ್ಲಿಗೆ ಬರುತ್ತವೆ.
ಲಾಹ್ಪು ಬೀಜ ಹಾರಿಸೋ ಜಾತಿಯಲ್ಲ.
ಚೂರು ಚೂರಾಗಿ ಉದುರುತ್ತೆ, ಪಕ್ಕದಲ್ಲಿ ಏನು ಸಿಕ್ಕರೆ
ಅದನ್ನು ಹಿಡಿದುಕೊಳ್ಳುತ್ತೆ.
ನಿಮ್ಮ ಹತ್ತು ಚಿರಂತನರ ನಡುವೆ
ಎಷ್ಟು ಹೆಜ್ಜೆ ಅಂತ ಅಳೆದಿರಾ?"
ಅಳೆದಿರಲಿಲ್ಲ. ಕೇಳಿರಲಿಲ್ಲ ಯಾರೂ.
ಉಲ್ರಿಕ್ ಮೊಬೈಲು ತೆಗೆದು ಸಮಯ ನೋಡಿದ.
ಎರಡೂಕಾಲಿಗೇ ಕತ್ತಲು ಇಳಿಯತೊಡಗಿತ್ತು.

ರಾತ್ರಿ ಹೋಟೆಲಿನಲ್ಲಿ ಬರೆದೆ:
ಸಣ್ಣ ಲೋಪ, ಒಂದು. ತಿದ್ದಲು ಹನ್ನೆರಡು ತಿಂಗಳು.
"ದೊಡ್ಡ" ಎಂದು ಬರೆದು ಅಳಿಸಿದ್ದೆ,
ಪೆನ್ಸಿಲಿನ ಸುಖವೇ ಅದು.
ಕಾಗದದಲ್ಲಿ ಮಾತ್ರ ಅದರ ತಗ್ಗು ಉಳಿಯಿತು,
ದೀಪಕ್ಕೆ ಓರೆ ಹಿಡಿದರೆ ಓದಬಹುದು.

ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಹಾಲಿನ ಪೊಟ್ಟಣ,
ಅಡಿಯಲ್ಲಿ ನಮ್ಮ ಮುದ್ರೆ, ಬೆರಳುಗುರಿನಷ್ಟು ಮರ.
ಸುರಿದುಕೊಳ್ಳಲು ಕೈ ಚಾಚಿದಾಗ ಕಂಡಿತು,
ಉಣ್ಣೆಯ ತೋಳಿಗೆ ಸಿಕ್ಕಿಕೊಂಡ
ಕಪ್ಪು ಎಳೆಯೊಂದು.
ಕೊಡವಿದೆ.
ಬೀಳಲಿಲ್ಲ.